ಸಾಸಿವೆಯ ಸಿಟ್ಟು

ಒಗ್ಗರಣೆಗೆ ಬಿದ್ದ ಸಾಸಿವೆಗೆ ಸಿಟ್ಟೇ ಇಲ್ಲ. ಚಟಪಟ ಅಂದು ಸುಮ್ಮನಾಗುತ್ತದೆ. ಅದೇ ಕಾಳನ್ನು ಹಸಿಯಾಗಿಯೇ ಕಾಯಿತುರಿ ಜೊತೆ ರುಬ್ಬಿ ಮಾವಿನಹಣ್ಣಿನ ಸಾಸಿವೆ ಮಾಡಿ ನೋಡಿ, ಮೊದಲ ತುತ್ತಿಗೇ ಘಾಟು ಮೂಗಿಗೇರುತ್ತದೆ.

ಆ ಘಾಟು ನಮಗಾಗಿ ಹುಟ್ಟಿದ್ದಲ್ಲ. ಅದು ಹುಳುಗಳಿಗೆ. ಸಾಸಿವೆ ಗಿಡ ಗ್ಲುಕೋಸಿನೊಲೇಟ್ ಎಂಬ ವಸ್ತುವನ್ನು ಒಂದು ಕಡೆ, ಮೈರೋಸಿನೇಸ್ ಎಂಬ ಕಿಣ್ವವನ್ನು ಇನ್ನೊಂದು ಕಡೆ ಇಟ್ಟುಕೊಂಡಿರುತ್ತದೆ. ದೂರ ದೂರ ಇರುವಷ್ಟು ಹೊತ್ತು ಎರಡೂ ಸಾಧು. ಹುಳು ಕಚ್ಚಿತೋ, ಎರಡೂ ಬೆರೆತು ಸುಡುವ ಎಣ್ಣೆಯಾಗುತ್ತದೆ. ಗಿಡ ತನ್ನ ವಿಷದಲ್ಲಿ ತಾನೇ ಬೇಯಬಾರದು ಅಲ್ವಾ? ನಮ್ಮ ರುಬ್ಬುಗುಂಡು ಮಾಡುವುದೂ ಹುಳು ಮಾಡುವ ಕೆಲಸವನ್ನೇ. ಕಾದ ಎಣ್ಣೆಯಲ್ಲಾದರೆ ಕಿಣ್ವ ಕೆಟ್ಟುಹೋಗುತ್ತದೆ, ಘಾಟು ಹುಟ್ಟುವುದೇ ಇಲ್ಲ.

ಇದನ್ನು ಯಾವ ಗಿಡವೂ ಕೂತು ಯೋಚಿಸಿ ಮಾಡಲಿಲ್ಲ. ಸ್ವಲ್ಪ ಜಾಸ್ತಿ ಘಾಟಿದ್ದ ಗಿಡವನ್ನು ಹುಳು ಸ್ವಲ್ಪ ಕಡಿಮೆ ತಿಂದಿತು, ಅದರ ಬೀಜ ಸ್ವಲ್ಪ ಜಾಸ್ತಿ ಉದುರಿತು. ಲಕ್ಷಾಂತರ ವರ್ಷ ನಡೆದದ್ದು ಇಷ್ಟೇ. ತೊಂದರೆಯೆಂದರೆ ಹುಳುಗಳ ಕಡೆಯೂ ಇದೇ ನಡೆಯಿತು. ಸಾಸಿವೆಯ ನೆಂಟನೇ ಆದ ಎಲೆಕೋಸನ್ನು ತಿನ್ನುವ ಬಿಳಿ ಚಿಟ್ಟೆಯ ಮರಿಯ ಹೊಟ್ಟೆಯಲ್ಲಿ ಒಂದು ಪ್ರೋಟೀನ್ ಇದೆ. ಸುಡುವ ಎಣ್ಣೆ ಆಗಬೇಕಾದದ್ದನ್ನು ಅದು ಅಷ್ಟೇನೂ ಕೆಡುಕು ಮಾಡದ ಬೇರೆ ವಸ್ತುವಾಗಿಸುತ್ತದೆ. ತಮಾಷೆ ಇರುವುದು ಮುಂದೆ. ತಾಯಿ ಚಿಟ್ಟೆ ಮೊಟ್ಟೆ ಇಡುವ ಮೊದಲು ಎಲೆಯಲ್ಲಿ ಹುಡುಕುವುದು ಇದೇ ಗ್ಲುಕೋಸಿನೊಲೇಟನ್ನು! ಬೇಡದವರನ್ನು ಓಡಿಸಲು ಬಾಗಿಲಿಗೆ ತೂಗುಹಾಕಿದ ಬೋರ್ಡೇ ಕಳ್ಳನಿಗೆ ಮನೆಯ ಗುರುತಾದಂತೆ. ಗಿಡಗಳೂ ಚಿಟ್ಟೆಗಳೂ ಹೀಗೆ ಒಂದನ್ನೊಂದು ತಿದ್ದುತ್ತಾ ಬಂದಿವೆ ಎಂದು 1964ರಲ್ಲಿ ಜೀವವಿಜ್ಞಾನಿಗಳಾದ ಪಾಲ್ ಎರ್ಲಿಕ್ ಮತ್ತು ಪೀಟರ್ ರೇವನ್ ಒಂದು ಪ್ರಬಂಧವನ್ನೇ ಬರೆದರು.

ಅಷ್ಟು ದೂರ ಯಾಕೆ, ಕುಂಡದಲ್ಲಿರುವ ಕರಿಬೇವನ್ನೇ ನೋಡಿ. ಎಲೆಯನ್ನು ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ಚುಕ್ಕೆ ಕಾಣುತ್ತವೆ. ಅವು ಎಣ್ಣೆಯ ಚೀಲಗಳು. ಎಷ್ಟೋ ಹುಳುಗಳಿಗೆ ಆ ವಾಸನೆ ಆಗದು. ನಿಂಬೆ ಚಿಟ್ಟೆಗೆ ಮಾತ್ರ ಏನೂ ಅನ್ನಿಸುವುದಿಲ್ಲ. ಮುಂಗಾಲಿನಿಂದ ಎಲೆ ತಟ್ಟಿ, ಕಾಲಲ್ಲೇ ರುಚಿ ನೋಡಿ, ಮೊಟ್ಟೆ ಇಟ್ಟು ಹೋಗುತ್ತದೆ. ಮರಿ ಮೊದಮೊದಲು ಥೇಟ್ ಹಕ್ಕಿಯ ಹಿಕ್ಕೆಯ ಹಾಗೆ. ಬೆಳೆದ ಮೇಲೆ ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬು ಚಾಚಿ ವಾಸನೆ ಬಿಡುತ್ತದೆ. ಪಕ್ಕದ ಮನೆಯವರು ಅದನ್ನು ಎತ್ತಿ ಬಿಸಾಡುತ್ತಾರೆ. ನಾನು ಚಿತ್ರಾನ್ನಕ್ಕೆ ಎರಡು ಎಸಳು ಕಡಿಮೆ ಹಾಕುತ್ತೇನೆ. ಘಮಕ್ಕೆ ಬೆಲೆ ಕೊಡುವವರು ನಾವಿಬ್ಬರೇ ತಾನೇ.

ಎಕ್ಕದ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಹಾಲು ಬಾಯಿಗೆ ಅಂಟುತ್ತದೆ, ಜೊತೆಗೆ ಹೃದಯಕ್ಕೆ ವಿಷ. ಆದರೂ ಒಂದು ಜಾತಿಯ ಚಿಟ್ಟೆಯ ಮರಿಗೆ ಅದೇ ಊಟ. ವಿಷದಲ್ಲಿ ಒಂದಿಷ್ಟನ್ನು ಅದು ಮೈಯಲ್ಲೇ ಉಳಿಸಿಕೊಳ್ಳುವುದೂ ಉಂಟು. ರೆಕ್ಕೆ ಬಂದ ಮೇಲೆ ಕೇಸರಿ, ಕಪ್ಪು, ಬಿಳುಪು ತೋರಿಸಿಕೊಂಡು ನಿಧಾನಕ್ಕೆ ಹಾರುತ್ತದೆ. ಒಮ್ಮೆ ತಿಂದು ಕೆಟ್ಟ ಹಕ್ಕಿ ಮತ್ತೆ ಹತ್ತಿರ ಬರುವುದಿಲ್ಲ. ಇದನ್ನು ನೋಡಿಯೋ ಎಂಬಂತೆ, ಎಕ್ಕದ ಎಲೆಯನ್ನೇ ಮುಟ್ಟದ ಇನ್ನೊಂದು ಜಾತಿಯ ಹೆಣ್ಣು ಚಿಟ್ಟೆ ಅದೇ ಬಣ್ಣದ ಸೀರೆ ಉಟ್ಟು ತಿರುಗುತ್ತದೆ. ಅದರ ಗಂಡು ಮಾತ್ರ ಕಪ್ಪು ರೆಕ್ಕೆಯ ಮೇಲೆ ಬಿಳಿ ಬೊಟ್ಟಿಟ್ಟುಕೊಂಡು ತನ್ನ ಪಾಡಿಗೆ ತಾನಿದೆ.