ದೊಡ್ಡಪ್ಪನ ಆಶಾವಾದವೂ ನಮ್ಮ ಕೆಳದಿ ಪ್ರವಾಸವೂ

ರೈಲಿನ ನಿರೀಕ್ಷಣಾ ಪಟ್ಟಿಯಲ್ಲಿ ಇನ್ನೂರನೆಯವನಾದವನು ಟಿಕೆಟ್ ರದ್ದುಪಡಿಸಿ ನೆಮ್ಮದಿಯಾಗಿ ಮಲಗುತ್ತಾನೆ. ಮೊದಲನೆಯವನಾಗಿಯೇ ಉಳಿದುಹೋದವನ ಸಂಕಟ ಬೇರೆ. ಕಳೆದ ವಾರ ಮೈಸೂರು–ತಾಳಗುಪ್ಪ ರಾತ್ರಿ ರೈಲಿನ ಚಾರ್ಟ್ ಸಿದ್ಧವಾದಾಗ ನಾನು, ನನ್ನ ಹೆಂಡತಿ ಹಾಗೂ ಮಗ ಆ ಪಟ್ಟಿಯಲ್ಲಿ ಕ್ರಮವಾಗಿ 1, 2 ಮತ್ತು 3ನೆಯ ಸ್ಥಾನಗಳನ್ನು ಅಲಂಕರಿಸಿದ್ದೆವು. ವಿದ್ಯಾರ್ಥಿ ದೆಸೆಯಲ್ಲಿ ಒಮ್ಮೆಯೂ ಒಲಿಯದ ಮೊದಲ ರ‍್ಯಾಂಕು ಹೀಗೆ ಒಲಿಯಿತು. ಟಿಕೆಟ್ ತಾನಾಗಿಯೇ ರದ್ದಾಗಿದೆಯೆಂದೂ, ಸಣ್ಣದೊಂದು ಕಡಿತದ ನಂತರ ಹಣ ಖಾತೆಗೆ ಮರಳುವುದೆಂದೂ ಸಂದೇಶ ಬರುವ ಹೊತ್ತಿಗೆ ಹಾಲಿನವನಿಗೆ ಬರಬೇಡವೆಂದು ಹೇಳಿಯಾಗಿತ್ತು, ತುಳಸಿ ಗಿಡವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿಯಾಗಿತ್ತು, ಫ್ರಿಜ್ಜನ್ನು ಆರಿಸಿ ಒರೆಸಿಯೂ ಆಗಿತ್ತು.

ಇದು ಬರಿಯ ವಿಹಾರವಾಗಿದ್ದರೆ ನಾನು ಇಷ್ಟು ಹಲುಬುತ್ತಿರಲಿಲ್ಲ. ಗುಮಾಸ್ತಿಕೆಯ ನಡುವೆ ದೂರಶಿಕ್ಷಣದಲ್ಲಿ ಇತಿಹಾಸದ ಎಂ.ಎ. ಓದುತ್ತಿರುವ ನಾನು ಕೆಳದಿಯ ನಾಯಕರ ಬಗ್ಗೆ ಕಿರುಪ್ರಬಂಧವೊಂದನ್ನು ಒಪ್ಪಿಸಬೇಕಿದೆ. ಇಕ್ಕೇರಿಯ ಅಘೋರೇಶ್ವರ ದೇವಾಲಯವನ್ನೂ ಕೆಳದಿಯ ರಾಮೇಶ್ವರ ದೇವಾಲಯದ ಗಂಡಭೇರುಂಡವನ್ನೂ ಕಣ್ಣಾರೆ ಕಂಡು ಬರೆಯಬೇಕೆಂಬುದು ಮಾರ್ಗದರ್ಶಕರ ಅಪ್ಪಣೆ. ಅಲ್ಲಿಂದ ಜೋಗಕ್ಕೆ ಹೋಗಲೇಬೇಕೆಂಬುದು ಮಗನ ಅಪ್ಪಣೆ. ಮುಂಗಡ ಕಾಯ್ದಿರಿಸುವಿಕೆ 60 ದಿನ ಮೊದಲೇ ತೆರೆಯುತ್ತದೆಂಬುದನ್ನು ನಾನೂ ಬಲ್ಲೆ. ಆದರೆ ಗಳಿಕೆ ರಜೆ ಮಂಜೂರಾಗುವ ಮೊದಲು ಟಿಕೆಟ್ ಕೊಳ್ಳುವ ಎದೆಗಾರಿಕೆ ಯಾವ ಗುಮಾಸ್ತನಿಗಿದೆ? ತತ್ಕಾಲ್ ವಿಚಾರ ಬೇಡವೇ ಬೇಡ; ಬೆಳಗಿನ 11 ಗಂಟೆಗೆ ತೆರೆದ ಆ ಬಾಗಿಲು ನನ್ನ ಮೊಬೈಲಿಗೆ ಓಟಿಪಿ ಬರುವಷ್ಟರಲ್ಲಿ ಮುಚ್ಚಿತ್ತು. ಬಸ್ಸಿನಲ್ಲಿ ಹೋಗಬಹುದಿತ್ತಲ್ಲ ಎಂದು ಕೇಳುವವರು ಕಿಕ್ಕೇರಿಯವರೆಗಾದರೂ ನನ್ನ ಮಗನ ಪಕ್ಕದ ಸೀಟಿನಲ್ಲಿ ಕುಳಿತು ನೋಡಿದ ಮೇಲೆ ಕೇಳಬೇಕು.

ನನ್ನ ಸಿಟ್ಟೆಲ್ಲ ದೊಡ್ಡಪ್ಪನ ಮೇಲೆ. ಅಶೋಕಪುರಂನ ರೈಲ್ವೆ ಕಾರ್ಯಾಗಾರದಲ್ಲಿ ಬೋಗಿಗಳ ಚಕ್ರ ನೋಡಿಕೊಂಡು ನಿವೃತ್ತರಾದ ಅವರು, ಅದೇ ಅರ್ಹತೆಯಿಂದ ಟಿಕೆಟ್ಟುಗಳ ಭವಿಷ್ಯವನ್ನೂ ಬಲ್ಲವರೆಂದು ಇಡೀ ಬಂಧುಬಳಗ ನಂಬಿದೆ. ನಮ್ಮ ಸಂಖ್ಯೆ 27ರಿಂದ ಆರಂಭವಾಗುತ್ತದೆಂದಾಗ, "ಇಪ್ಪತ್ತೇಳು ಒಂದು ನಂಬರೇನೋ? ರೈಲು ಹೊರಡೋ ಊರಿನ ಕೋಟಾ ಕಣೋ ಇದು, ಆಗೇ ಆಗುತ್ತೆ" ಎಂದು ಅಭಯವಿತ್ತರು. ಅಂದಿನಿಂದ ದಿನವೂ ಬೆಳಗಿನ ವಾಕಿಂಗ್ ಮುಗಿಸಿ ನೇರವಾಗಿ ನಮ್ಮ ಮನೆಗೆ ಬಂದು, ಕಾಫಿ ಲೋಟ ಹಿಡಿದು, "ಎಷ್ಟಾಯ್ತೋ?" ಎಂದು ವಿಚಾರಿಸತೊಡಗಿದರು. 19 ಎಂದರೆ ಹಿಗ್ಗುತ್ತಿದ್ದರು. ಮುಂದೆ ಎರಡು ದಿನ ಅದು ಕದಲದಿದ್ದಾಗ, "ಮುಹೂರ್ತ ಇರೋ ವಾರ, ಯಾವುದಾದರೂ ಒಂದು ಮದುವೆ ಮುಂದಕ್ಕೆ ಹೋದ್ರೆ ಸಾಕು, ಒಂದೇ ಏಟಿಗೆ ಹತ್ತು ಸೀಟು" ಎಂದು ಲೆಕ್ಕ ಹಾಕಿದರು. ಇನ್ನೊಂದು ದಿನ, ಶಿವಮೊಗ್ಗದ ಕಡೆಯವರಿಗೆ ಜ್ವರವೇನಾದರೂ ಹಬ್ಬಿದೆಯೇ ಎಂದು ಪತ್ರಿಕೆ ತಿರುವಿ ಹಾಕಿದರು. ನಮ್ಮ ಸಂಖ್ಯೆ ಇಳಿದಾಗಲೆಲ್ಲ ಎಲ್ಲೋ ಒಂದು ಮನೆಯಲ್ಲಿ ಕಟ್ಟಿದ ಚೀಲ ಬಿಚ್ಚುತ್ತಿದ್ದಾರೆ ಎಂಬುದು ಎಂದೂ ಯಾರಿಗೂ ಕೇಡು ಬಯಸದ ಈ ಸಾತ್ವಿಕರಿಗೆ ಹೊಳೆಯಲೇ ಇಲ್ಲ. ಹೊಳೆದಿದ್ದ ನನ್ನ ಹೆಂಡತಿಯಾದರೂ 3ಕ್ಕೆ ಬಂದ ದಿನ ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು. ಯಾವುದಕ್ಕೆಂದು ನಾನು ಕೇಳಲಿಲ್ಲ.

ಚಾರ್ಟ್ ಬಂದ ಮರುದಿನ ಬೆಳಿಗ್ಗೆ ದೊಡ್ಡಪ್ಪ ಎಂದಿನಂತೆ ಬಂದರು. ಹಾಲಿಲ್ಲದ ಮನೆಯಲ್ಲಿ ಧನಿಯಾ ಕಷಾಯ ಕುಡಿದು, "ಆಗಿದ್ದೆಲ್ಲಾ ಒಳ್ಳೇದಕ್ಕೇ, ಕಷಾಯ ಪಿತ್ತಕ್ಕೆ ಒಳ್ಳೇದು" ಎಂದರು. ಜೋಗದ ಬಗ್ಗೆ ಮಗ ಅಳುಮುಖ ಮಾಡಿದಾಗ, ಲಿಂಗನಮಕ್ಕಿ ಜಲಾಶಯದಲ್ಲಿ ನೀರನ್ನು ತಡೆದಿರುವುದರಿಂದ ಮೇ ತಿಂಗಳಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೊರಗಿ, 253 ಮೀಟರ್ ಎತ್ತರದ ಬರೀ ಬಂಡೆ ಕಾಣಿಸುತ್ತದೆಂದು ವಿವರಿಸಿದರು. ಅದು ನಿಜವೆಂಬುದೇ ನನ್ನನ್ನು ಇನ್ನಷ್ಟು ಕೆರಳಿಸಿತು.

ಪ್ರಬಂಧದ ಗತಿಯೇನೆಂದು ಕೇಳಿದ್ದಕ್ಕೆ ಅವರ ಬಳಿ ಉತ್ತರ ಸಿದ್ಧವಿತ್ತು. "ಕೆಳದಿ ರಾಜ್ಯ ಮುಗಿಸಿದವನು ಯಾರು? ಹೈದರಾಲಿ. ಅವನು ಮಲಗಿರೋದು ಎಲ್ಲಿ? ಇಲ್ಲೇ ಶ್ರೀರಂಗಪಟ್ಟಣದ ಗಂಜಾಂನಲ್ಲಿ. ಅಷ್ಟು ದೂರ ಯಾಕೆ ಹೋಗ್ತೀಯ?" 1763ರಲ್ಲಿ ಹೈದರಾಲಿ ಕೆಳದಿಯ ರಾಣಿ ವೀರಮ್ಮಾಜಿಯ ರಾಜಧಾನಿ ಬಿದನೂರನ್ನು ವಶಪಡಿಸಿಕೊಂಡದ್ದು ಇತಿಹಾಸವೇ ಸರಿ. ಆದರೆ ಕೊಂದವನ ಸಮಾಧಿ ನೋಡಿ ಸತ್ತವನ ಚರಿತ್ರೆ ಬರೆಯುವ ಈ ಸಂಶೋಧನಾ ವಿಧಾನವನ್ನು ನನ್ನ ಪಠ್ಯದಲ್ಲಿ ಎಲ್ಲಿಯೂ ಹೇಳಿಲ್ಲ. ಆದರೂ ನಡುಮಧ್ಯಾಹ್ನ ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿ ಚಪ್ಪಲಿ ಕಳಚಿ, ಕಾದ ಕಲ್ಲುಹಾಸಿನ ಮೇಲೆ ನಾವು ನಾಲ್ವರೂ ಕುಣಿಯುತ್ತ ಕಪ್ಪು ಕಂಬಗಳ ನೆರಳಿಗೆ ಓಡಿದೆವು. ನನ್ನ ಹೆಂಡತಿಯ ಮುಖ ನೋಡಿ ದೊಡ್ಡಪ್ಪ, ಅಂಗಾಲಿಗೆ ಶಾಖ ಕೊಟ್ಟರೆ ಮಂಡಿನೋವು ಹೋಗುತ್ತದೆಂದರು. ಅವಳಿಗೆ ಮಂಡಿನೋವಿಲ್ಲ.

ನೆರಳಿನಲ್ಲಿ ಕುಳಿತಾಗ ನನಗೆ ಪಾಂಡವಪುರದ ಕಡೆಯ ಅಜ್ಜಿಮನೆಯ ಬೇಸಿಗೆಗಳು ನೆನಪಾದವು. ಆಗ ಯೋಜನೆಯೆಂಬುದೇ ಇರಲಿಲ್ಲ. ಪರೀಕ್ಷೆ ಮುಗಿದ ಮರುದಿನ ಅಪ್ಪ ನಮ್ಮನ್ನು ಬಸ್ಸಿಗೆ ಹತ್ತಿಸಿ ಕಂಡಕ್ಟರಿಗೆ ಒಂದು ಮಾತು ಹೇಳಿದರೆ ಮುಗಿಯಿತು. ಇದೇ ದೊಡ್ಡಪ್ಪ ರಜೆ ಹಾಕಿ ಬಂದು, ಸೈಕಲ್ಲಿನಲ್ಲಿ ನಮ್ಮನ್ನು ಒಣಗಿದ ನಾಲೆಯ ಏರಿಗೆ ಕರೆದೊಯ್ದು, "ಕಟ್ಟು ನೀರು ಇವತ್ತು ಬಂದೇ ಬರುತ್ತೆ" ಎಂದು ಸಂಜೆಯವರೆಗೂ ಕೂರಿಸುತ್ತಿದ್ದರು. ನೀರು ಬಂದದ್ದು ಒಂದೇ ಸಲವಿರಬೇಕು. ಆದರೆ ಬಾರದ ದಿನಗಳಲ್ಲಿ ನಾವು ಅತ್ತದ್ದು ನೆನಪಿಲ್ಲ.

ಮಾರ್ಗದರ್ಶಕರಿಗೆ ಫೋನು ಮಾಡಿ, ವಿಷಯವನ್ನು ಬಿದನೂರಿನ ಪತನಕ್ಕೆ ಸೀಮಿತಗೊಳಿಸಬಹುದೇ ಎಂದು ಅಂಜುತ್ತ ಕೇಳಿದೆ. ಒಂದು ಕ್ಷಣ ಸುಮ್ಮನಿದ್ದು, ವ್ಯಾಪ್ತಿ ಕಿರಿದಾದರೆ ಒಳ್ಳೆಯದೇ, ಬರೆಯಿರಿ ಎಂದರು. ಈ ಸುದ್ದಿಯನ್ನು ದೊಡ್ಡಪ್ಪನಿಂದ ಮುಚ್ಚಿಡಬೇಕೆಂದು ನಿಶ್ಚಯಿಸಿದ್ದೆ, ಹೆಂಡತಿ ಹೇಳಿಬಿಟ್ಟಳು. ಈಗ ಅವರು ದಿನವೂ ಬಂದು, ಕೃತಜ್ಞತೆಯ ಪುಟದಲ್ಲಿ ತಮ್ಮ ಹೆಸರು ಮಾರ್ಗದರ್ಶಕರ ಹೆಸರಿಗಿಂತ ಮೇಲೆ ಬರುವುದೋ ಕೆಳಗೋ ಎಂದು ವಿಚಾರಿಸುತ್ತಿದ್ದಾರೆ.