ಗೋಳಿಬಜೆಯಿಂದ ಎಲ್‌ಡಿಎಲ್ ಇಳಿಸುವ ವಿಧಾನ

ಉಚಿತ ಹೃದಯ ತಪಾಸಣಾ ಶಿಬಿರದ ಫೋಟೋ ಪೇಪರಿನಲ್ಲಿ ನೋಡಿದಿರಲ್ಲ? ಈ ವಾರದ್ದು ತಪ್ಪಿಹೋಗಿದ್ದರೆ ಚಿಂತೆಯಿಲ್ಲ, ಮುಂದಿನ ವಾರದ್ದೂ ಹಾಗೆಯೇ ಇರುತ್ತದೆ. ಶಾಲು, ಹಣ್ಣಿನ ಬುಟ್ಟಿ, ಒಂದೇ ಬತ್ತಿಗೆ ಕೈ ಚಾಚಿದ ಒಂಬತ್ತು ಮಂದಿ ಗಣ್ಯರು. ಮೂಲೆಯಲ್ಲಿ ತೋಳು ಮಡಚಿ ಕೂತ ಒಬ್ಬ ನಾಗರಿಕ. ಮಂಗಳೂರಿಂದ ಉಡುಪಿಯವರೆಗೆ ಸಭಾಭವನ ಇದ್ದಲ್ಲೆಲ್ಲ ಶಿಬಿರ ಉಂಟು. ಸೆಪ್ಟೆಂಬರ್ 29, ವಿಶ್ವ ಹೃದಯ ದಿನ, ಹತ್ತಿರ ಬಂದರಂತೂ ಕೇಳುವುದೇ ಬೇಡ. 2025ರ ಮಳೆಗಾಲದಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಓದಿ ಜನ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಸಾಲುಗಟ್ಟಿದ್ದನ್ನು ನೆನೆಸಿಕೊಂಡರೆ, ಸಂಘಟಕರಿಗೆ ಜನ ಸೇರಿಸುವ ಕಷ್ಟವೂ ಇಲ್ಲ.

ಆಮಂತ್ರಣದಲ್ಲಿ ಒಂದು ಸಾಲು: ರಕ್ತದ ಕೊಬ್ಬಿನಂಶದ ಉಚಿತ ಪರೀಕ್ಷೆ. ಅದರ ಕೆಳಗೆ ದಪ್ಪಕ್ಷರದಲ್ಲಿ: ಬೆಳಿಗ್ಗೆ 8.30ಕ್ಕೆ ಉಪಾಹಾರದ ವ್ಯವಸ್ಥೆ ಇದೆ. ಉಪಾಹಾರ ಅಂದರೆ ಗೋಳಿಬಜೆ, ಶೀರಾ, ಸಕ್ಕರೆ ಚಾ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಸನ್ಮಾನ, ಧನ್ಯವಾದ ಎಲ್ಲ ಮುಗಿದು ಸೂಜಿ ಚುಚ್ಚುವಾಗ ಹನ್ನೊಂದೂವರೆ. ಇದು ಸಾಮಾನ್ಯರು ಇಡುವ ಮುಹೂರ್ತವಲ್ಲ. ಎಣ್ಣೆತಿಂಡಿ ತಿಂದ ಮೂರರಿಂದ ಐದು ಗಂಟೆಯೊಳಗೆ ರಕ್ತದಲ್ಲಿ ಓಡಾಡುವ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್, ತುದಿ ಮುಟ್ಟುತ್ತದೆ. ಮುಖ್ಯ ಅತಿಥಿಗಳು ಇನ್ನೊಂದು ಗಂಟೆ ಮಾತಾಡಿದ್ದರೆ ಅಂಕ ಇನ್ನೂ ಚೆನ್ನಾಗಿ ಬರುತ್ತಿತ್ತು.

ಇದನ್ನು ಎಡವಟ್ಟು ಎನ್ನುವವರಿಗೆ ದೂರದೃಷ್ಟಿ ಇಲ್ಲ. ಇಲ್ಲಿ ಸದ್ದಿಲ್ಲದೆ ಒಂದು ಹೊಸ ಚಿಕಿತ್ಸೆ ನಡೆಯುತ್ತಿದೆ. ಎಷ್ಟೋ ಲ್ಯಾಬುಗಳು ಎಲ್‌ಡಿಎಲ್ಲನ್ನು, ಅಂದರೆ ಕೆಟ್ಟ ಕೊಲೆಸ್ಟರಾಲನ್ನು, ಅಳೆಯುವುದಿಲ್ಲ, ಕಳೆದು ತೆಗೆಯುತ್ತವೆ. ಒಟ್ಟು ಕೊಲೆಸ್ಟರಾಲಿನಿಂದ ಒಳ್ಳೆಯದೆನ್ನುವ ಎಚ್‌ಡಿಎಲ್ ಕಳೆ, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗ ಕಳೆ, ಉಳಿದದ್ದು ಎಲ್‌ಡಿಎಲ್. 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಜೊತೆಗಾರರು ಕೊಟ್ಟ ಸೂತ್ರ ಇದು. ಖಾಲಿ ಹೊಟ್ಟೆಯ ರಕ್ತಕ್ಕೆಂದು ಅವರು ಕೊಟ್ಟದ್ದು. ನಮ್ಮ ಸಭಾಭವನ ಅವರಿಗೆ ಗೊತ್ತಿರಲಿಲ್ಲ.

ಈಗ ಲೆಕ್ಕ ಹಾಕಿ. ಒಬ್ಬರ ಒಟ್ಟು ಕೊಲೆಸ್ಟರಾಲ್ 220, ಎಚ್‌ಡಿಎಲ್ 38, ಉಪವಾಸದ ಟ್ರೈಗ್ಲಿಸರೈಡ್ 190. ಐದರಿಂದ ಭಾಗಿಸಿದರೆ 38. ಎಲ್‌ಡಿಎಲ್ 144. ಇದೇ ಮನುಷ್ಯ ಹಿಂದಿನ ರಾತ್ರಿ ರಿಸೆಪ್ಷನ್ನಿನಲ್ಲಿ ಎರಡು ಪೆಗ್ ಹಾಕಿ, ಚಿಕನ್ ಘೀ ರೋಸ್ಟ್ ಮುಗಿಸಿ, ಬೆಳಿಗ್ಗೆ ಏಳೆಂಟು ಗೋಳಿಬಜೆ ತಿಂದು ಬಂದರೆ ಟ್ರೈಗ್ಲಿಸರೈಡ್ 340. ಐದರಲ್ಲಿ ಒಂದು ಪಾಲು 68. ಎಲ್‌ಡಿಎಲ್ 114! ಮಾತ್ರೆಯಿಲ್ಲ, ವಾಕಿಂಗ್ ಇಲ್ಲ, 30 ಅಂಕ ಇಳಿಯಿತು. ಮಟ್ಟುಗುಳ್ಳಕ್ಕೆ, ಉಡುಪಿ ಮಲ್ಲಿಗೆಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿದೆ. ಮೈದಾ, ಹುಳಿಮೊಸರು, ಸೋಡಾ, ಶುಂಠಿ, ಕಾಯಿಚೂರಿನ ಈ ಔಷಧಿಗೆ ಯಾರೂ ಅರ್ಜಿ ಹಾಕಿಲ್ಲವೇ ಮಾರಾಯ್ರೆ? ಟ್ರೈಗ್ಲಿಸರೈಡ್ 400 ದಾಟಿದರೆ ಮಾತ್ರ ಸೂತ್ರ ಕೈಕೊಡುತ್ತದೆ. ಆದ್ದರಿಂದ ಎರಡನೇ ಸಲ ಬಡಿಸಿಕೊಳ್ಳುವವರು ಜಾಗ್ರತೆ.

ಒಂದು ಅಂಕ ಮಾತ್ರ ಈ ಚಿಕಿತ್ಸೆಗೆ ಬಗ್ಗುವುದಿಲ್ಲ. ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲ್ ಒಂದನ್ನೇ ಕಳೆದು ಬರುವುದು, ನಾನ್-ಎಚ್‌ಡಿಎಲ್. ಮೇಲಿನ ಮನುಷ್ಯನಿಗೆ ಎರಡು ಸಲವೂ 182. ರಕ್ತನಾಳದ ಗೋಡೆಗೆ ನುಗ್ಗುವ ಕಣಗಳಲ್ಲಿರುವ ಕೊಲೆಸ್ಟರಾಲ್ ಎಲ್ಲ ಇದರಲ್ಲಿ ಸೇರಿದೆ, ಟ್ರೈಗ್ಲಿಸರೈಡ್ ಹೊತ್ತು ತಿರುಗಿದ ಕಣಗಳ ಉಳಿಕೆಯದ್ದೂ ಸಹ. ರಿಪೋರ್ಟಿನಲ್ಲಿ ಅಚ್ಚಾಗಿಲ್ಲದಿದ್ದರೆ ಬಸ್ ಟಿಕೆಟಿನ ಹಿಂಭಾಗದಲ್ಲೇ ಕಳೆದು ನೋಡಬಹುದು.

ಊಟ ಮಾಡಿ ರಕ್ತ ಕೊಡುವುದೇ ತಪ್ಪೆಂದಲ್ಲ. ಸಾಧಾರಣ ಊಟಕ್ಕೆ ಟ್ರೈಗ್ಲಿಸರೈಡ್ ಏರುವುದು ಹೆಚ್ಚಿನವರಲ್ಲಿ ಇಪ್ಪತ್ತು, ಮೂವತ್ತು ಅಂಕ. ಯುರೋಪಿನ ತಜ್ಞರು 2016ರಲ್ಲೇ ಮೊದಲ ಪರೀಕ್ಷೆಗೆ ಉಪವಾಸ ಬೇಡ ಅಂದಿದ್ದಾರೆ. ಆದರೆ ತಿಂದು ಬಂದಿದ್ದಾರೆ ಎಂದು ಚೀಟಿಯಲ್ಲಿ ಬರೆಯಬೇಕಲ್ಲ? ಟ್ರೈಗ್ಲಿಸರೈಡ್ ಉಪವಾಸದಲ್ಲಿ 150ರ ಒಳಗೆ ಇರಬೇಕು, ಉಂಡ ಮೇಲೆ 175ರ ಒಳಗೆ. 400 ದಾಟಿದ್ದರೆ ಉಪವಾಸದಲ್ಲಿ ಇನ್ನೊಮ್ಮೆ. ಆ ಉಪವಾಸ ಅಂದರೆ ರಾತ್ರಿ ಒಂಬತ್ತಕ್ಕೆ ಊಟ ಮುಗಿಸಿ ಬೆಳಿಗ್ಗೆ ಏಳೆಂಟಕ್ಕೆ ರಕ್ತ ಕೊಡುವುದು. ನೀರು ಕುಡಿಯಬಹುದು. "ಒಂದೇ ಒಂದು ಗ್ಲಾಸ್ ಚಾ" ಉಪವಾಸದಲ್ಲಿ ಸೇರುವುದಿಲ್ಲ. ಹಿಂದಿನ ರಾತ್ರಿಯ ಪೆಗ್ಗೂ ಸೇರುವುದಿಲ್ಲ, ಅದರ ಕೆಲಸ ಮರುದಿನವೂ ನಡೆಯುತ್ತಿರುತ್ತದೆ.

ಶಿಬಿರದ ಬಾಣಲೆಯ ಪಕ್ಕದಲ್ಲಿ ಎಣ್ಣೆ ಪ್ಯಾಕೆಟ್ ಬಿದ್ದಿರುತ್ತದೆ, ಹೃದಯದ ಚಿತ್ರ, "ಕೊಲೆಸ್ಟರಾಲ್ ಶೂನ್ಯ". ಸತ್ಯವೇ. ಕೊಲೆಸ್ಟರಾಲ್ ಪ್ರಾಣಿಗಳ ದೇಹದ ಸರಕು, ಸೂರ್ಯಕಾಂತಿಗೆ ಅದು ಎಲ್ಲಿಂದ ಬರಬೇಕು? ಪ್ಯಾಕೆಟ್ ಹೇಳದ ವಿಷಯ, ಒಳಗಿರುವುದು ಬಹುತೇಕ ಪೂರ್ತಿ ಟ್ರೈಗ್ಲಿಸರೈಡ್ ಎಂಬುದು. ಒಂದು ಗ್ಲಿಸರಾಲಿಗೆ ಮೂರು ಕೊಬ್ಬಿನಾಮ್ಲ ಅಂಟಿಕೊಂಡರೆ ಟ್ರೈಗ್ಲಿಸರೈಡ್. ತೆಂಗಿನೆಣ್ಣೆ, ತುಪ್ಪ, ನಮ್ಮ ಸೊಂಟದ ಸುತ್ತಿನ ಶೇಖರಣೆ, ಎಲ್ಲವೂ ಅದೇ.

ಹಾಗೆಂದು ಎಣ್ಣೆಯೊಂದೇ ಖಳನಾಯಕ ಎಂದುಕೊಂಡವರ ಕತೆ ಬೇರೆ. ಅವರು ಪೂರಿ ಮುಟ್ಟುವುದಿಲ್ಲ. ಹನ್ನೆರಡು ನೀರುದೋಸೆ, ಬೆಲ್ಲ ಬೆರೆಸಿದ ಕಾಯಿತುರಿಯೊಂದಿಗೆ. ಮಧ್ಯಾಹ್ನ ಮದುವೆಯಲ್ಲಿ ಹೋಳಿಗೆ ಬೇಡ ಅಂದು ಮೂರು ಸಲ ಪಾಯಸ. ಸಂಜೆ ಮಕ್ಕಳ ಒತ್ತಾಯಕ್ಕೆ ಗಡ್‌ಬಡ್ ಐಸ್‌ಕ್ರೀಂ. ಖರ್ಚಾಗದ ಸಕ್ಕರೆ, ಹಿಟ್ಟು, ಮದ್ಯ ಎಲ್ಲವನ್ನೂ ಲಿವರ್ ಕೊಬ್ಬಾಗಿ ಮಾಡಿ ರಕ್ತಕ್ಕೆ ಕಳಿಸುತ್ತದೆ. ಹೊಟ್ಟೆ ಬಂದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಇನ್ನೂ ಜೋರಾಗಿ. ಟ್ರೈಗ್ಲಿಸರೈಡ್ ಜಾಸ್ತಿ, ಎಚ್‌ಡಿಎಲ್ ಕಮ್ಮಿ, ಇದು ನಮ್ಮ ದೇಶದವರಲ್ಲಿ ಮತ್ತೆ ಮತ್ತೆ ಕಾಣುವ ಜೋಡಿ. ಸೊಂಟ ಅಳೆಯಲು ದರ್ಜಿಯ ಟೇಪ್ ಸಾಕು: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಶಿಬಿರದಲ್ಲಿ ಎಲ್ಲವೂ ಉಂಟು, ಟೇಪ್ ಇಲ್ಲ. ವೇದಿಕೆಯ ಮೇಲಿನವರಿಗೆ ಮುಜುಗರ ಆಗಬಾರದು ಎಂದಿರಬೇಕು.

ರಿಪೋರ್ಟ್ ಸಿಕ್ಕಿದ ಮೇಲೆ ಜನ ನೇರ ಹೋಗುವುದು ಮೀನೆಣ್ಣೆಯ ಗುಳಿಗೆಗೆ. 1000 ಮಿಲಿಗ್ರಾಮಿನ ಸಾಮಾನ್ಯ ಗುಳಿಗೆಯಲ್ಲಿ ಒಮೇಗಾ-3, ಅಂದರೆ ಕೆಲಸಕ್ಕೆ ಬರುವ ಕೊಬ್ಬಿನಾಮ್ಲ, ಇರುವುದು 300 ಮಿಲಿಗ್ರಾಂ. ತೀರಾ ಏರಿದ ಟ್ರೈಗ್ಲಿಸರೈಡ್ ಇಳಿಸಲು ವೈದ್ಯರು ಬರೆಯುವುದು ದಿನಕ್ಕೆ 4 ಗ್ರಾಂ. ಅಂದರೆ ಹದಿಮೂರು ಗುಳಿಗೆ, ಊಟಕ್ಕೆ ಜಾಗ ಉಳಿದರೆ ಊಟ. ಇತ್ತ ಒಮೇಗಾ-3 ತುಂಬಿದ ಬೂತಾಯಿ ಮೀನು ಲಾರಿಗಟ್ಟಲೆ ಉಳ್ಳಾಲದ ಫಿಶ್‌ಮಿಲ್ಲಿಗೆ. ಬೂತಾಯಿಯನ್ನು ಪುಳಿಮುಂಚಿ ಸಾರು ಮಾಡಿ ತಿನ್ನುವವರಿಗೆ ಮರ್ಯಾದೆಯಿಲ್ಲ, ಗಾಜಿನ ಬಾಟಲಿಯಲ್ಲಿ ಬಂದರೆ ಉಂಟು.

ಗುಳಿಗೆ ನುಂಗಿ ಅಂಕ ಇಳಿಸಿದರೆ ಹೃದಯ ಉಳಿಯಿತು ಎಂಬುದೂ ಅಷ್ಟು ಸಲೀಸಲ್ಲ. 2022ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಪೆಮಾಫೈಬ್ರೇಟ್ ಎಂಬ ಔಷಧಿ ಟ್ರೈಗ್ಲಿಸರೈಡನ್ನು ಚೆನ್ನಾಗಿಯೇ ಇಳಿಸಿತು. ಹೃದಯಾಘಾತ, ಪಾರ್ಶ್ವವಾಯು ಕಮ್ಮಿ ಆಗಲಿಲ್ಲ. ಅಪಾಯ ಇರುವವರಿಗೆ ಮೊದಲ ಔಷಧಿ ಈಗಲೂ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ. ಜೊತೆಗೆ ತೂಕದಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲು ಇಳಿಸಿದರೆ, ಕುಡಿತ ಬಿಟ್ಟರೆ, ಸಕ್ಕರೆ ಹಿಡಿತಕ್ಕೆ ಬಂದರೆ ಟ್ರೈಗ್ಲಿಸರೈಡ್ ತಾನಾಗಿ ಇಳಿಯುತ್ತದೆ. ಆದರೆ ಆ ಸುಳ್ಳು 114 ನೋಡಿ ಖುಷಿಯಾಗಿ ಸ್ಟ್ಯಾಟಿನ್ ನಿಲ್ಲಿಸಿದವನಿಗೆ ಇದನ್ನು ಹೇಳುವವರು ಯಾರು? ಉಚಿತ ಅಂದ ಮಾತ್ರಕ್ಕೆ ಏನು ಕೊಟ್ಟರೂ ನಡೆಯುತ್ತದೆಯೇ? ಎಷ್ಟು ಜನರಿಗೆ ತಪಾಸಣೆ ಆಯಿತು ಎಂಬ ಲೆಕ್ಕ ಪೇಪರಿಗೆ ಹೋಗುತ್ತದೆ. ಎಷ್ಟು ಜನರನ್ನು ಮತ್ತೆ ಕರೆದರು ಎಂದು ಯಾರೂ ಕೇಳುವುದಿಲ್ಲ.

ಶಿಬಿರದ ಆ ಸಾಲಿನಲ್ಲಿ ಟ್ರೈಗ್ಲಿಸರೈಡ್ 900 ಬಂದವನೂ ಒಬ್ಬ ಇರುತ್ತಾನೆ. ಅವನಿಗೂ ಅದೇ ಚೀಟಿ, ಅದೇ "ಎಣ್ಣೆ ಕಮ್ಮಿ ಮಾಡಿ". 500 ದಾಟಿದರೆ ಹೃದಯಕ್ಕಿಂತ ಮೊದಲು ಹೆದರಬೇಕಾದದ್ದು ಮೇದೋಜೀರಕ ಗ್ರಂಥಿಯ ಉರಿಯೂತಕ್ಕೆ, ಸಾವಿರದ ಹತ್ತಿರ ಹೋದಷ್ಟೂ ಹೆಚ್ಚು. ಅವನು ಅದೇ ವಾರ ವೈದ್ಯರ ಹತ್ತಿರ ಹೋಗಬೇಕು, ಮದ್ಯ ಪೂರ್ತಿ ನಿಲ್ಲಿಸಬೇಕು, ಸಕ್ಕರೆ, ಥೈರಾಯ್ಡ್, ಕಿಡ್ನಿ ನೋಡಿಸಬೇಕು, ತೆಗೆದುಕೊಳ್ಳುತ್ತಿರುವ ಮಾತ್ರೆಗಳಲ್ಲಿ ಸ್ಟೀರಾಯ್ಡ್ ಇದೆಯೇ ಎಂದು ತೋರಿಸಬೇಕು. ಮೇಲುಹೊಟ್ಟೆಯಲ್ಲಿ ಎದ್ದ ನೋವು ಬೆನ್ನಿಗೆ ಇರಿದು ವಾಂತಿ ಶುರುವಾದರೆ ಅದನ್ನು ಗ್ಯಾಸ್ಟ್ರಿಕ್ ಅಂದುಕೊಂಡು ಜೀರಾ ಸೋಡಾ ಕುಡಿಸಿ ಬೆಳಗಾಗಲಿ ಎಂದು ಕೂರಬೇಡಿ, ರಾತ್ರಿಯೇ ಆಸ್ಪತ್ರೆಗೆ ಕರಕೊಂಡು ಹೋಗಿ.