ಅಮಲು ಬಿಡಿಸಲು ನಗರಸಭೆಯ ಹಣ: ಬೇಕೇ, ಬೇಡವೇ?

ಪ್ರಶ್ನೆ: ಯುವಜನರ ಮಾನಸಿಕ ಆರೋಗ್ಯಕ್ಕೂ ಮಾದಕವ್ಯಸನದ ಚಿಕಿತ್ಸೆಗೂ ಕಾಸರಗೋಡು ನಗರಸಭೆ ತನ್ನ ಬಜೆಟ್ಟಿನಲ್ಲಿ ಪ್ರತಿವರ್ಷ ಹಣ ಇಡಬೇಕೇ?

ಪರ: ಪೇಟೆಯಲ್ಲೇ ಬೇಕು, ನಮ್ಮ ಮಾತಿನಲ್ಲೇ ಬೇಕು
(ಹೈಯರ್ ಸೆಕೆಂಡರಿ ಶಾಲೆಯ ಅಧ್ಯಾಪಿಕೆ)

ಹಣ ಇಡಬೇಕು. ಪ್ರತಿವರ್ಷ ಇಡಬೇಕು. ಜೂನ್ 26ರ ಮಾದಕವಸ್ತು ವಿರೋಧಿ ದಿನದ ಮೆರವಣಿಗೆಗೆ, ಫ್ಲೆಕ್ಸಿಗೆ, ಕೈ ಮುಂದೆ ಚಾಚಿ ಮಾಡುವ ಪ್ರತಿಜ್ಞೆಗೆ ಅಲ್ಲ. ಕೌನ್ಸೆಲರ್ ಸಂಬಳಕ್ಕೆ, ಸೈಕಾಲಜಿಸ್ಟ್ ಸಂಬಳಕ್ಕೆ, ಅವರು ಕೂತು ಮಾತಾಡುವ ಕೋಣೆಗೆ.

ಜಿಲ್ಲೆಯಲ್ಲಿ ಏನೂ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅಬಕಾರಿ ಇಲಾಖೆಯ ವಿಮುಕ್ತಿ ಯೋಜನೆ 2016ರಿಂದ ಇದೆ. ಅದರ ಚಿಕಿತ್ಸಾ ಕೇಂದ್ರ ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿದೆ. ಒಳ್ಳೆಯದೇ. ಆದರೆ ಉಪ್ಪಳದ ಹುಡುಗ ಅಲ್ಲಿಗೆ ಹೋಗಬೇಕಾದರೆ ಕಾಸರಗೋಡು ದಾಟಬೇಕು, ಚಂದ್ರಗಿರಿ ಹೊಳೆ ದಾಟಬೇಕು, ಕಾಞಂಗಾಡನ್ನೂ ದಾಟಬೇಕು. ಅವನಿಗೆ ಮಂಗಳೂರೇ ಹತ್ತಿರ. ಹಾಗಾಗಿ ದುಡ್ಡಿದ್ದವರು ಮಂಗಳೂರಿಗೆ ಹೋಗುತ್ತಾರೆ. ಇಲ್ಲದವರು ಎಲ್ಲಿಗೂ ಹೋಗುವುದಿಲ್ಲ. ಮಂಗಳೂರನ್ನೇ ನಂಬಿ ಕೂತರೆ ಏನಾಗುತ್ತದೆ ಎಂದು 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ನೋಡಿದ್ದೇವೆ ಅಲ್ವಾ?

2017ರ ಮಾನಸಿಕ ಆರೋಗ್ಯ ಕಾನೂನು ಏನು ಹೇಳುತ್ತದೆ ಗೊತ್ತೇ? ಚಿಕಿತ್ಸೆಗಾಗಿ ಯಾರೂ ದೂರ ಅಲೆಯುವಂತೆ ಆಗಬಾರದು, ಅವರು ಇರುವಲ್ಲಿಗೆ ಹತ್ತಿರವೇ ಸಿಗಬೇಕು ಎನ್ನುತ್ತದೆ. ಇದು ಹಕ್ಕು. ಯಾರೋ ಕರುಣೆಯಿಂದ ಕೊಡುವ ಭಿಕ್ಷೆ ಅಲ್ಲ.

ಲೆಕ್ಕ ಬೇಕಾದವರಿಗೆ ಲೆಕ್ಕ. 2022ರಲ್ಲಿ ದೇಶದಲ್ಲಿ ಲಕ್ಷ ಜನರಿಗೆ 12.4 ಆತ್ಮಹತ್ಯೆ. ಕೇರಳದಲ್ಲಿ 28.5. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕುಡಿತದ ಕಾಯಿಲೆಯವರಲ್ಲಿ ನೂರಕ್ಕೆ 86 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಲೆಕ್ಕಕ್ಕಿಂತ ನನ್ನ ಒಬ್ಬ ಹಳೆಯ ವಿದ್ಯಾರ್ಥಿಯ ವಿಷಯ ಹೇಳುತ್ತೇನೆ. ಹೆಸರು, ಊರು ಬೇಡ. ಪ್ಲಸ್ ಟು ಮುಗಿಸಿ ಮೊಬೈಲ್ ಅಂಗಡಿಗೆ ಸೇರಿದ್ದ. ಚುರುಕು ಹುಡುಗ. ಮೊದಲು ನಿದ್ದೆ ಬಿಟ್ಟ, ಆಮೇಲೆ ಊಟ ಬಿಟ್ಟ. ಅಂಗಡಿಯ ಸಾಮಾನು ಕಾಣೆಯಾಗತೊಡಗಿ ಕೆಲಸವೂ ಹೋಯಿತು. ಬೀಡಿ ಕಟ್ಟಿ ಸಾಕಿದ ತಾಯಿ. "ಯಾರೋ ಮಾಟ ಮಾಡಿದ್ದಾರೆ ಟೀಚರ್" ಎಂದು ನನ್ನ ಹತ್ತಿರ ಅತ್ತರು. ಮಂತ್ರವಾದಿಗೆ ಕೊಡಲು ಕಿವಿಯ ಬೆಂಡೋಲೆ ಅಡವಿಟ್ಟದ್ದೂ ಆಯಿತು. ಕೊನೆಗೆ ಅವನ ಬ್ಯಾಗಿನಲ್ಲಿ ಸಣ್ಣ ಪ್ಲಾಸ್ಟಿಕ್ ಪೊಟ್ಟಣ ಸಿಕ್ಕಿತು. ಎಂಡಿಎಂಎ ಎಂಬ ರಾಸಾಯನಿಕ ಅಮಲು.

ಆಗ ಶುರುವಾದದ್ದು ಪೊಲೀಸರ ಭಯ. ಚಿಕಿತ್ಸೆಗೆ ಹೋದರೆ ಹಿಡಿದು ಕೊಡುತ್ತಾರೆ ಎಂದು ಯಾರೋ ಹೇಳಿದ್ದರು. ಎನ್‌ಡಿಪಿಎಸ್ ಎಂಬ ಮಾದಕವಸ್ತು ಕಾನೂನಿನ 64ಎ ಕಲಮು ಹಾಗಲ್ಲ. ವ್ಯಸನಿಯಾದವನು ಸೇವನೆಯ ಕೇಸಿನಲ್ಲಿ, ಅಥವಾ ಸ್ವಲ್ಪವೇ ಮಾಲು ಸಿಕ್ಕಿದ ಕೇಸಿನಲ್ಲಿ, ತಾನಾಗಿ ಚಿಕಿತ್ಸೆಗೆ ಮುಂದೆ ಬಂದರೆ ಅವನಿಗೆ ರಕ್ಷಣೆ ಕೊಡುತ್ತದೆ. ಇದನ್ನು ಆ ತಾಯಿಗೆ ಹೇಳಲು ಪೇಟೆಯಲ್ಲಿ ಒಬ್ಬರು ಇರಲಿಲ್ಲ. ನಾನು ಹೇಳಿದೆ, ಅವರು ನಂಬಲಿಲ್ಲ. ಇತಿಹಾಸದ ಟೀಚರ್ ಹೇಳುವ ಕಾನೂನನ್ನು ಯಾರು ನಂಬುತ್ತಾರೆ?

ಹೇಗೋ ಒಪ್ಪಿಸಿ ಜಿಲ್ಲೆಯ ಹೊರಗಿನ ಒಂದು ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಕೌನ್ಸೆಲರ್ ಒಳ್ಳೆಯವರು, ಸಣ್ಣ ವಯಸ್ಸು. ಆದರೆ ಮಲಯಾಳ ಮಾತ್ರ ಬರುತ್ತಿತ್ತು. ನಮ್ಮ ಹುಡುಗನಿಗೂ ಮಲಯಾಳ ಬರುತ್ತದೆ. ಬಸ್ಸಿನಲ್ಲಿ, ಅಂಗಡಿಯಲ್ಲಿ ಸಾಕಾಗುವಷ್ಟು. ರಾತ್ರಿ ಎದೆ ಡವಗುಟ್ಟುವುದನ್ನು, ಅಪ್ಪನ ಮೇಲಿನ ಸಿಟ್ಟನ್ನು ಹೇಳಿಕೊಳ್ಳುವಷ್ಟು ಬರುವುದಿಲ್ಲ. ಅವನು ತುಳುವಿನಲ್ಲಿ ಹೇಳಿದ, ನಾನು ಮಲಯಾಳದಲ್ಲಿ ದಾಟಿಸಿದೆ. ತನಗೆ ಪಾಠ ಹೇಳಿದ ಟೀಚರ್ ಎದುರು ಹುಡುಗ ಏನು ತಾನೇ ಹೇಳಿಯಾನು? ಅರ್ಧ ನುಂಗಿಕೊಂಡ. ಇನ್ನೊಮ್ಮೆ ಬರಲು ಒಪ್ಪಲೇ ಇಲ್ಲ. ಈಗ ಬೆಂಗಳೂರಿನಲ್ಲಿ ಬೇಕರಿಯಲ್ಲಿದ್ದಾನಂತೆ. ಬಿಟ್ಟಿದ್ದಾನೋ ಇಲ್ಲವೋ ತಾಯಿಗೂ ಗೊತ್ತಿಲ್ಲ.

ಬ್ರೌನ್ ಶುಗರ್ (ಹೆರಾಯಿನ್) ಚಟಕ್ಕೆ ಬುಪ್ರೆನಾರ್ಫಿನ್ ಎಂಬ ಬದಲಿ ಮದ್ದು ಇದೆ. ಕುಡಿತ ಬಿಡುವಾಗ ಬರುವ ನಡುಕ, ಅಪಸ್ಮಾರಕ್ಕೂ ಆಸ್ಪತ್ರೆಯಲ್ಲಿ ಮದ್ದು ಇದೆ. ಎಂಡಿಎಂಎಗೆ ಹಾಗೊಂದು ಬದಲಿ ಮದ್ದಿಲ್ಲ. ಅಲ್ಲಿ ಮಾತೇ ಮುಖ್ಯ ಚಿಕಿತ್ಸೆ. ಹಾಗಿದ್ದರೆ ಆ ಮಾತು ಕನ್ನಡ, ತುಳು ಬಲ್ಲವರ ಬಾಯಿಂದ ಬರಬೇಡವೇ? ತಿರುವನಂತಪುರದಲ್ಲಿ ಕೂತು ಪಟ್ಟಿ ಮಾಡುವವರಿಗೆ ಇದು ಹೊಳೆಯುವುದಿಲ್ಲ. ಇಲ್ಲಿಯ ನಗರಸಭೆಗೆ ಹೊಳೆಯಬೇಕು. ಅದಕ್ಕೇ ಹಣವೂ ಇಲ್ಲಿಯದೇ ಆಗಬೇಕು. ಹಣ ಕೊಟ್ಟವರಿಗೆ ತಾನೇ "ಕನ್ನಡ ಬಲ್ಲವರು ಬೇಕು" ಎಂದು ಹೇಳುವ ಅಧಿಕಾರ?

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಇದೆಯಲ್ಲ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರಲ್ಲ ಎನ್ನುತ್ತಾರೆ. ಹೌದು, ಮಾಡಿ. ನಾನೂ ಮಕ್ಕಳಿಗೆ ಆ ನಂಬರ್ ಬರೆಸಿದ್ದೇನೆ. ಆದರೆ ಒಂದೇ ಕೋಣೆಯ ಮನೆಯ ಹುಡುಗ ಎಲ್ಲಿ ನಿಂತು ಮಾತಾಡಬೇಕು?

ನಗರಸಭೆಗೆ ಇದು ಹೊಸ ಕೆಲಸವೂ ಅಲ್ಲ. 2008ರಲ್ಲಿ ಕೇರಳ ಪಾಲಿಯೇಟಿವ್ ನೀತಿ, ಅಂದರೆ ಗುಣವಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆಯ ನೀತಿ ತಂದಿತು. ಇವತ್ತು ಪಂಚಾಯತ್, ನಗರಸಭೆಗಳೇ ಯೋಜನಾ ನಿಧಿಯಿಂದ ನರ್ಸುಗಳನ್ನು ಇಟ್ಟು, ಗಾಡಿ ಕೊಟ್ಟು, ಹಾಸಿಗೆ ಹಿಡಿದವರ ಮನೆಬಾಗಿಲಿಗೆ ಕಳಿಸುತ್ತವೆ. ಹಾಸಿಗೆ ಹಿಡಿದ ಅಜ್ಜನಿಗೆ ಆಗುವುದು, ಕೋಣೆ ಬಾಗಿಲು ಹಾಕಿಕೊಂಡ ಮೊಮ್ಮಗನಿಗೆ ಯಾಕೆ ಆಗುವುದಿಲ್ಲ?

ಎದುರು ಪಕ್ಷದ ವಾದ ನನಗೆ ಬಾಯಿಪಾಠ. ಫೈಲು, ಆಡಿಟ್, ಮಾರ್ಚ್ 31. ರಸ್ತೆಗೆ ವರ್ಷವರ್ಷ ಡಾಂಬರು ಹಾಕುವಾಗ ಇದ್ಯಾವುದೂ ನೆನಪಾಗುವುದಿಲ್ಲ. ಗುತ್ತಿಗೆಯ ಕೌನ್ಸೆಲರ್‌ಗಳು ನಿಲ್ಲುವುದಿಲ್ಲವಂತೆ. ನಿಲ್ಲುವಷ್ಟು ಸಂಬಳ ಕೊಡಿ ಮಾರಾಯ್ರೆ, ನಿಲ್ಲುತ್ತಾರೆ.

ವಿರೋಧ: ಕೋಣೆ ಮಾಡುವುದು ಸುಲಭ
(ನಿವೃತ್ತ ಸ್ಥಳೀಯಾಡಳಿತ ನೌಕರ)

ಈ ಕಡೆ ಬರೆಯಲು ಸಂಪಾದಕರಿಗೆ ಬೇರೆ ಯಾರೂ ಸಿಗಲಿಲ್ಲವಂತೆ. ಆಶ್ಚರ್ಯ ಇಲ್ಲ. ಮಕ್ಕಳ ಚಿಕಿತ್ಸೆಗೆ ಹಣ ಬೇಡ ಎಂದು ಬರೆದು ಊರಲ್ಲಿ ತಿರುಗಾಡುವುದು ಹೇಗೆ? ನನಗೂ ಪೂರ್ತಿ ಮನಸ್ಸಿಲ್ಲ. ಚಿಕಿತ್ಸೆ ಬೇಕು. ಯಾರ ಹಣ, ಯಾರ ಕೆಲಸ ಎಂಬುದಷ್ಟೇ ನನ್ನ ತಕರಾರು.

ಟೀಚರ್ ಕಾನೂನಿನ ಅರ್ಧ ಹೇಳಿದ್ದಾರೆ. ಹತ್ತಿರದಲ್ಲೇ ಚಿಕಿತ್ಸೆ ಸಿಗಬೇಕು ಎನ್ನುವ 2017ರ ಕಾನೂನಿನ ಅದೇ 18ನೇ ಕಲಮು ಆ ಕೆಲಸವನ್ನು ಸರ್ಕಾರದ ತಲೆಗೆ ಕಟ್ಟಿದೆ. ನಗರಸಭೆಯ ತಲೆಗಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬುದು ದೇಶದಲ್ಲಿ ಶುರುವಾದದ್ದು 1996ರಲ್ಲಿ. ನಮ್ಮ ಜಿಲ್ಲೆಯ ಉಕ್ಕಿನಡ್ಕದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ಅದು ಒಪಿ (ಹೊರರೋಗಿ ವಿಭಾಗ) ತೆರೆಯುವಾಗ 2022 ಬಂತು. ಕೇಳುವುದಿದ್ದರೆ ಸರ್ಕಾರವನ್ನು ಕೇಳಬೇಕು. ಸರ್ಕಾರದ ಬೆವ್ಕೊ ಮದ್ಯದ ಮಳಿಗೆಯ ಮುಂದೆ ಕ್ಯೂ ನಿಲ್ಲುವವನ ತೆರಿಗೆ ಹೋಗುವುದು ತಿರುವನಂತಪುರಕ್ಕೆ. ನಗರಸಭೆಗೆ ಬರುವುದು ಕಟ್ಟಡ ತೆರಿಗೆ, ವೃತ್ತಿ ತೆರಿಗೆ, ಲೈಸೆನ್ಸ್ ಫೀಸ್, ಒಂದಿಷ್ಟು ಅಂಗಡಿ ಬಾಡಿಗೆ. ಅದರಲ್ಲಿ ಕಸ, ಚರಂಡಿ, ದಾರಿದೀಪ, ಬೀದಿನಾಯಿ. ಟೀಚರ್ ಅವರಿಗೆ ನಗರಸಭೆ ಅಂದರೆ ಅಕ್ಷಯಪಾತ್ರೆ. ನಾವೆಲ್ಲ ಅದರ ತಳ ನೋಡಿದವರು.

ಆತ್ಮಹತ್ಯೆಯ ಆ ಲೆಕ್ಕ ಎಲ್ಲ ವಯಸ್ಸಿನವರದ್ದು, ಯುವಕರದ್ದು ಮಾತ್ರ ಅಲ್ಲ. ಇದನ್ನೂ ಹೇಳಬೇಕಿತ್ತು.

ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಕೌನ್ಸೆಲಿಂಗ್ ಕೇಂದ್ರದ ಪ್ರಾಜೆಕ್ಟ್ ಆಗಿತ್ತು. ಯಾವ ಸಂಸ್ಥೆ ಎಂದು ಹೇಳುವುದಿಲ್ಲ, ಅಲ್ಲಿದ್ದವರು ಈಗಲೂ ನನಗೆ ಚಹಾ ಕೊಡುತ್ತಾರೆ. ಮೊದಲು ಕೋಣೆಗೆ ಟೈಲ್ಸ್ ಹಾಕಿದರು. ಟೈಲ್ಸಿಗೆ ಟೆಂಡರ್ ಸುಲಭ. ಆಮೇಲೆ ಕರ್ಟನ್, ಎರಡು ಕುಶನ್ ಕುರ್ಚಿ, ಗೋಡೆಗೆ ಸೂರ್ಯೋದಯದ ಚಿತ್ರ. ಉದ್ಘಾಟನೆಗೆ ಊಟವೂ ಇತ್ತು. ಕೌನ್ಸೆಲರ್ ಸಿಗುವಾಗ ಮಳೆಗಾಲ ಮುಗಿದಿತ್ತು. ಬಂದ ಹುಡುಗಿ ನಿಜಕ್ಕೂ ಒಳ್ಳೆಯ ಕೆಲಸ ಮಾಡಿದಳು. ಮೆಲ್ಲ ಮೆಲ್ಲನೆ ನಾಲ್ಕು ಮಕ್ಕಳು ಬರತೊಡಗಿದರು. ಅಷ್ಟರಲ್ಲಿ ಮಾರ್ಚ್ ಬಂತು. ಗುತ್ತಿಗೆ ಮುಗಿಯಿತು. ಬಿಲ್ಲು ಟ್ರೆಷರಿಯಲ್ಲಿ ಸಿಕ್ಕಿಕೊಂಡು ಕೊನೆಯ ತಿಂಗಳುಗಳ ಸಂಬಳಕ್ಕೆ ಅವಳು ನನ್ನ ಮೇಜಿನ ಎದುರು ನಿಲ್ಲುತ್ತಿದ್ದಳು. ನಾನು ಕುರ್ಚಿ ತೋರಿಸಿದರೂ ಕೂರುತ್ತಿರಲಿಲ್ಲ. ಹೊಸ ವರ್ಷದ ಪ್ರಾಜೆಕ್ಟಿಗೆ ಒಪ್ಪಿಗೆ ಸಿಗುವ ಹೊತ್ತಿಗೆ ಅವಳು ಖಾಸಗಿ ಶಾಲೆಗೆ ಸೇರಿಯಾಗಿತ್ತು. ಆ ನಾಲ್ಕು ಮಕ್ಕಳು? ಬೇರೊಬ್ಬರ ಎದುರು ಕೂತು ಮೊದಲಿಂದ ಎಲ್ಲ ಹೇಳಲು ಯಾರೂ ಬರಲಿಲ್ಲ. ಕೋಣೆಯಲ್ಲಿ ಬ್ಲೀಚಿಂಗ್ ಪೌಡರ್ ಚೀಲ ಇಟ್ಟರು.

"ನಿಲ್ಲುವಷ್ಟು ಸಂಬಳ ಕೊಡಿ" ಎಂದರೆ ಆಗುವುದಿಲ್ಲ ಟೀಚರ್. ಕಾಯಂ ಹುದ್ದೆ ಮಾಡುವ ಅಧಿಕಾರ ನಗರಸಭೆಗಿಲ್ಲ, ಅದು ಸರ್ಕಾರದ್ದು. ಅರ್ಧಕ್ಕೆ ಬಿಡುವ ಚಿಕಿತ್ಸೆ ಶುರು ಮಾಡದೇ ಇರುವುದಕ್ಕಿಂತ ಒಳ್ಳೆಯದೇ? ನನಗೆ ಅನುಮಾನ ಇದೆ.

ಪಾಲಿಯೇಟಿವ್ ಹೋಲಿಕೆಯೂ ಸರಿಯಲ್ಲ. ಪಾಲಿಯೇಟಿವ್ ಗಾಡಿ ಅಂಗಳಕ್ಕೆ ಬಂದರೆ ಮನೆಯವರು ಓಡಿ ಬಂದು ಗೇಟ್ ತೆಗೆಯುತ್ತಾರೆ. ಅಮಲು ಬಿಡಿಸುವ ಗಾಡಿ ಬಂದರೆ ಇದ್ದ ಕಿಟಕಿಯನ್ನೂ ಹಾಕುತ್ತಾರೆ. ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ಹುಡುಗಿ ಇದ್ದರಂತೂ ಕೇಳುವುದೇ ಬೇಡ. ಹೊಸ ಬಸ್ ಸ್ಟ್ಯಾಂಡಿನಲ್ಲಿ ಐದು ನಿಮಿಷ ನಿಂತರೆ ಗುರುತಿನವರು ಸಿಗುವ ಪೇಟೆ ಇದು. ಜನ ಮಂಗಳೂರಿಗೆ ಹೋಗುವುದು ಒಳ್ಳೆಯ ಡಾಕ್ಟರಿಗಾಗಿ ಮಾತ್ರ ಅಲ್ಲ. ಅಲ್ಲಿ ಯಾರೂ ಗುರುತು ಹಿಡಿಯುವುದಿಲ್ಲ, ಅದಕ್ಕೂ ಹೌದು. ಟೀಚರ್ ಕತೆಯ ಹುಡುಗ ಮಾತು ನುಂಗಿದ್ದು ಯಾಕೆ? ಪರಿಚಯದವರು ಪಕ್ಕದಲ್ಲಿದ್ದರು. ನಗರಸಭೆ ಕಟ್ಟಡದಲ್ಲಿ ಕೋಣೆ ಮಾಡಿದರೆ ಪರಿಚಯದವರು ಮೆಟ್ಟಿಲಲ್ಲೇ ಸಿಗುತ್ತಾರೆ, ಕಟ್ಟಡ ತೆರಿಗೆ ಕಟ್ಟಲು ಬಂದವರು.

ಕನ್ನಡ ಬಲ್ಲ ಕೌನ್ಸೆಲರ್ ವಿಷಯ ದೊಡ್ಡದು. ಕನ್ನಡ ಶಾಲೆಗೆ ಕನ್ನಡ ಬಲ್ಲ ಮಾಷ್ ಸಿಗಲಿ ಎಂದು ಜನ ಬೀದಿಗಿಳಿಯಬೇಕಾದ ಊರು ನಮ್ಮದು. ಅದನ್ನು ಇನ್ನೊಂದು ಸಲ ಮಾತಾಡೋಣ.

ನಗರಸಭೆ ಖರ್ಚು ಮಾಡಲೇಬೇಕು ಎಂದಾದರೆ ತನಗೆ ಗೊತ್ತಿರುವ ಕೆಲಸಕ್ಕೆ ಮಾಡಲಿ. ನಮ್ಮಲ್ಲಿ ಕ್ಲಬ್ಬುಗಳಿಗೆ ಬರಗಾಲ ಇಲ್ಲ. ಕಬಡ್ಡಿ, ವಾಲಿಬಾಲ್, ಯಕ್ಷಗಾನ ಕಲಿಸುವವರೂ ಇದ್ದಾರೆ. ವಾರ್ಡಿಗೆ ಒಂದು ಅಂಗಣ ಮಾಡಿ ರಾತ್ರಿ ಒಂಬತ್ತರವರೆಗೆ ಲೈಟ್ ಹಾಕಲಿ. ಲೈಟ್ ರಾಜೀನಾಮೆ ಕೊಟ್ಟು ಖಾಸಗಿ ಶಾಲೆಗೆ ಹೋಗುವುದಿಲ್ಲ. ಕೆಟ್ಟರೆ ರಿಪೇರಿ ಮಾಡಲು ನಗರಸಭೆಯಲ್ಲಿ ಜನ ಇದ್ದಾರೆ, ಕರೆಂಟ್ ಬಿಲ್ಲಿಗೆ ಬೇರೆ ಕಾಲಮ್ಮೂ ಇದೆ.